ಹೆಪ್ಪು

ರಾತ್ರಿ ಎರಡೂ ನಲವತ್ತಕ್ಕೆ ಯಂತ್ರ ಕೂಗಿತು.
ಮೂರನೇ ಸಾಲು, ಹನ್ನೊಂದನೇ ಬಾಟಲಿ.
ಚೀಟಿಯಲ್ಲಿ: ಸಣ್ಣತಾಯಮ್ಮ, ಐವತ್ತೆಂಟು, ಐಸಿಯು ನಾಲ್ಕು.
ಅವರ ಮುಖ ನಾನು ಕಂಡಿಲ್ಲ,
ಎಂಟು ಎಂ.ಎಲ್. ರಕ್ತದಷ್ಟೇ ಪರಿಚಯ.

ಗಾಜಿನ ಮೇಲೆ ಹನಿ ಸವರಿ, ಬೆಂಕಿಗೆ ತೋರಿಸಿ,
ನೇರಳೆ ಹಾಕಿ, ತೊಳೆದು, ಕೆಂಪು ಹಾಕಿ
ಕಣ್ಣಿಟ್ಟರೆ
ಗುಲಾಬಿ ಕಡ್ಡಿಗಳು,
ಹೋಟೆಲಿನ ಬಿಲ್ಲಿನ ತಟ್ಟೆಯಲ್ಲಿ ಇಡುವ
ಸಕ್ಕರೆ ಸೋಂಪಿನ ಹಾಗೆ.

ಫೋನಿನಲ್ಲಿ ಡಾಕ್ಟರ್ ಪೂವಯ್ಯ ಆಕಳಿಸಿದರು.
"ಯಾವ ಔಷಧಿಗೆ ಬಗ್ಗುತ್ತೆ, ಯಾವಾಗ ಹೇಳ್ತೀರಿ?"
ಬೆಳೆಯಬೇಕಲ್ಲ ಸಾರ್.
ಹಾಲು ಮೊಸರಾಗುವಷ್ಟು ಹೊತ್ತಾದರೂ ಬೇಕು.

ಈ ಹಾಸನದಲ್ಲಿ ಒಂದು ಬಾಗಿಲಿದೆ.
ವರ್ಷಕ್ಕೊಮ್ಮೆ ತೆರೆದರೆ
ಹಚ್ಚಿಟ್ಟ ದೀಪ ಆರಿರುವುದಿಲ್ಲ, ಇಟ್ಟ ಅನ್ನ ಹಳಸಿರುವುದಿಲ್ಲ ಎನ್ನುತ್ತಾರೆ.
ನನ್ನದು ಮೂವತ್ತೈದು ಡಿಗ್ರಿಯ ಬಾಗಿಲು.
ದಿನಾ ತೆರೆಯುತ್ತೇನೆ.
ಹಳಸಿದ್ದೇ ಇಲ್ಲಿ ಸುದ್ದಿ.

ಮರುದಿನ ತಟ್ಟೆ ತೆಗೆದೆ.
ಔಷಧಿಯ ಬಿಲ್ಲೆಗಳ ಸುತ್ತ
ಕಣ ಗುಡಿಸಿದ ಹಾಗೆ ದುಂಡಗೆ ಬಯಲು ಇರಬೇಕು.
ಇಲ್ಲ. ಅಂಚಿಗೆ ಅಂಟಿ ಹುಲುಸು ಬೆಳೆ.
ಸ್ಕೇಲು ಕೈಯಲ್ಲೇ ಉಳಿಯಿತು, ಅಳೆಯಲು ಏನಿತ್ತು?
ಪುಸ್ತಕದಲ್ಲಿ ಬರೆದೆ: ಆರ್. ಆರ್. ಆರ್.
ಎಂಟು ಬಿಲ್ಲೆಗೆ ಎಂಟು ಆರ್.
ನಮ್ಮಜ್ಜಿಯ ಮಾತಿನಲ್ಲಿ ಆರ್ ಅಂದರೆ ಯಾರು.
ಆರ್ ಕೊಟ್ಟರು ಇದಕ್ಕೆ?
ಆರ್ ಕಲಿಸಿದರು?

ತಾಯಿಯಿಂದ ಮಗಳಿಗೆ ಬಂದದ್ದಲ್ಲ ಇದು,
ಬೇಲಿಯ ಮೇಲಿಂದ ಬಂದದ್ದು.
ನೆರೆಯವಳು ಲೋಟ ಚಾಚಿ
"ಒಂದು ಚಮಚ ಹೆಪ್ಪು ಕೊಡಕ್ಕ" ಎಂದ ಹಾಗೆ.
ಕೂದಲಿಗಿಂತ ಎಷ್ಟೋ ಸಣ್ಣ ಕೈಯೊಂದು ಚಾಚುತ್ತದೆ,
ಇನ್ನೊಂದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ,
ಬಳೆಯಂತೆ ದುಂಡಗೆ ಬರೆದ ಬರಹ
ಆಚೆಗೆ ದಾಟುತ್ತದೆ.
ಕೊಟ್ಟವಳ ಮುಂಗೈ ಬರಿದಾಗುವುದಿಲ್ಲ,
ಕೊಡುತ್ತಲೇ ಒಂದು ನಕಲು ಮಾಡಿಕೊಂಡಿರುತ್ತಾಳೆ.
ಹೆಪ್ಪು ಕೊಟ್ಟ ಮನೆಯಲ್ಲಿ ಮೊಸರು ಮುಗಿದದ್ದುಂಟೇ?

ಈ-ಕೋಲಿ ಕ್ಲೆಬ್ಸಿಯೆಲ್ಲಾಗೆ ಕೊಟ್ಟಾಗ
ನೀನು ಯಾವ ಪೈಕಿ ಎಂದು ಕೇಳಲಿಲ್ಲ.
ನಮ್ಮೂರ ಬಾವಿಕಟ್ಟೆಯಲ್ಲಿ ಇಂದಿಗೂ ಆಗದ್ದು
ಒಂದು ಕರುಳಿನೊಳಗೆ ಸದ್ದಿಲ್ಲದೆ ಆಯಿತು.

ಎಲ್ಲಿ ನಡೆಯಿತೋ ಈ ಕೊಡುಕೊಳ್ಳುವಿಕೆ.
ಕೋಳಿ ಫಾರಮ್ಮಿನಲ್ಲಿ ಇರಬಹುದು,
ಆಹಾರದ ಮೂಟೆಗೆ ಬೆರೆಸಿದ ಬಿಳಿ ಪುಡಿಯ ಧೂಳಿನಲ್ಲಿ.
ಆಸ್ಪತ್ರೆಯ ಹಿಂದಿನ ಮೋರಿಯಲ್ಲಿ.
ಇಪ್ಪತ್ತು ಹಾಸಿಗೆಗೆ ಒಬ್ಬಳೇ ಆದ ನರ್ಸಿನ ಅವಸರದ ಬೆರಳಲ್ಲಿ.
ಅಥವಾ ನನ್ನಲ್ಲೇ.
ಹೋದ ಶ್ರಾವಣದಲ್ಲಿ ನೆಗಡಿ ಜ್ವರಕ್ಕೆ
ಸಾಲಗಾಮೆ ರಸ್ತೆಯ ಮೆಡಿಕಲ್ಸಿನಲ್ಲಿ ಚೀಟಿಯಿಲ್ಲದೆ ಐದು ಮಾತ್ರೆ ಕೊಂಡು
ಮೂರು ನುಂಗಿ,
ಉಳಿದೆರಡನ್ನು ಕೆಳಮನೆಯ ಮುನೀರಾ ಕೈಗಿಟ್ಟಿದ್ದೆ:
"ಇಟ್ಕೊಳಿ, ಯಾವಾಗಾದ್ರೂ ಬೇಕಾಗುತ್ತೆ."
ಇದೇ ಪಾಠ ಓದಿ ಪಾಸಾದವಳು ನಾನು.

ಹನ್ನೊಂದಕ್ಕೆ ಕಿಟಕಿಯ ಹತ್ತಿರ ಒಬ್ಬಳು, ಕಂಕುಳಲ್ಲಿ ಫ್ಲಾಸ್ಕು.
"ನಮ್ಮತ್ತೇದು ರಕ್ತ... ಕೋಳಿ ಫಾರಂ ಸಣ್ತಾಯಮ್ಮ ಅಂತ.
ಏನಾದ್ರೂ ಸಿಕ್ತಾ ಮೇಡಂ?"
ಸಿಕ್ಕಿತಮ್ಮ, ಸಿಕ್ಕಿದ್ದೇ ಕಷ್ಟ
ಎನ್ನಲಿಲ್ಲ.
"ಡಾಕ್ಟರ್ ಹೇಳ್ತಾರೆ" ಎಂದೆ.
ಕಿಟಕಿಯ ಈಚೆಗಿನವರ ಮಂತ್ರ ಅದು.
ಇನ್ನೊಂದು ಔಷಧಿ ಉಳಿದಿದೆ, ಹಳೆಯದು,
ಉಳಿಸುವಾಗಲೇ ಮೂತ್ರಪಿಂಡ ಕೇಳುವಂಥದ್ದು.
ಅದರ ಕೊಳವೆಗಳು ಇನ್ನೂ ಒಳಗಿವೆ.
ಅವು ಕದಡಬಾರದು ಎಂದು
ದೇವರನ್ನು ನಂಬದ ನಾಜಿಮಾ ಕೂಡ ಬೆರಳು ಮಡಚಿ ಕೂತಿದ್ದಳು.

ಸಂಜೆ ಮನೆಯಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ
ಮುನೀರಾಳ ಮಗಳು, ಸ್ಟೀಲ್ ಲೋಟ.
ಹೆಪ್ಪಿಗೆ.
ಚಮಚ ಹಿಡಿದ ಕೈ ಒಂದು ಕ್ಷಣ ನಿಂತಿತು.
ಆಮೇಲೆ ಕೊಟ್ಟೆ. ಇವು ಬೇರೆ, ಹೊಟ್ಟೆ ತಣ್ಣಗಿಡುವಂಥವು.
ಮೆಟ್ಟಿಲಿಳಿಯುತ್ತಿದ್ದವಳನ್ನು ಕೂಗಿ ಕೇಳಿದೆ,
"ಅವತ್ತು ಕೊಟ್ಟಿದ್ನಲ್ಲ ಪುಟ್ಟಿ, ಎರಡು ಮಾತ್ರೆ, ಇವೆಯಾ?"

"ಅಮ್ಮಿ ಅದನ್ನ ಆಗಲೇ
ಪಕ್ಕದ್ಮನೆ ತಾತಂಗೆ ಕೊಟ್ಬಿಟ್ರು ಆಂಟಿ."