ಕೊಡಗನೂರು ಕ್ರಾಸಿಂಗ್

ಜೋಡಿ ಹಳಿ ಬೀಳುವ ಮುಂಚಿನ ಮಾತು.
ಸಂಜೆಯ ಪ್ಯಾಸೆಂಜರು ದಾವಣಗೆರೆ ಬಿಟ್ಟರೆ
ಕಟ್ಟಕಡೆಯ ಬೋಗಿಯ ಬಾಗಿಲ ಬದಿಯ ಎಂಟು ಸೀಟು
ನಮ್ಮದು. ಬೋರ್ಡಿಲ್ಲ, ಲೈಸೆನ್ಸಿಲ್ಲ,
ಗಲ್ಲಾಪೆಟ್ಟಿಗೆ ಅಂದರೆ ಓಬಳೇಶಪ್ಪನ ಅಂಗಿಯ ಜೇಬು.

ಲೆಕ್ಕಕ್ಕೆ ಅವನು ಮಾರುವುದು ಶೇಂಗಾ, ಮಂಡಕ್ಕಿ.
ಬುಟ್ಟಿಯ ತಳದಲ್ಲಿ, ಒದ್ದೆ ಗೋಣಿಯ ಕೆಳಗೆ,
ಕಾವಿಗಿಟ್ಟ ಮೊಟ್ಟೆಗಳ ಹಾಗೆ ಟೆಟ್ರಾ ಪ್ಯಾಕುಗಳು,
ತಂಪು ಮಾತ್ರ ಜಾಸ್ತಿ.
ಅಳತೆಗೆ ಕೆಮ್ಮಿನ ಔಷಧಿಯ ಪುಟ್ಟ ಮುಚ್ಚಳ;
ಗೆರೆ ಸವೆದಿದ್ದರೂ ಅವನ ಹೆಬ್ಬೆರಳಿಗೆ ಗೊತ್ತು.
ನಾನು ಮಂಡಿಪೇಟೆಯಲ್ಲಿ ದಿನವಿಡೀ ಅರಿವೆ ಅಳೆಯುವವನು,
ಬೆರಳಷ್ಟು ಉಳಿಸಿಕೊಳ್ಳುವ ಕಲೆ ನನಗೂ ಬರುತ್ತೆ.
ಅವನಲ್ಲಿ ಅದನ್ನು ಹುಡುಕಿದೆ, ಸಿಗಲಿಲ್ಲ.

ತೋಳಹುಣಸೆಗೆ ಒಂದು ಸುತ್ತು,
ಕೊಡಗನೂರು ದಾಟಿದ ಮೇಲೆ ಇನ್ನೊಂದು,
ಮಾಯಕೊಂಡದ ದೀಪ ಕಂಡರೆ ಅಂಗಡಿ ಬಂದ್.
'ಚಿಕ್ಕಜಾಜೂರಲ್ಲಿ ನೀವು ಇಳೀಬೇಕು, ಉದುರಬಾರದು.'
ಗಾಡಿ ಎತ್ತ ವಾಲಿದರೂ, ಹಳಿ ಹೇಗೆ ಕುಲುಕಿದರೂ
ಒಂದು ತೊಟ್ಟು ಹೊರಗೆ ಬೀಳುತ್ತಿರಲಿಲ್ಲ.
ನೋಡುವುದರಲ್ಲೇ ಅರ್ಧ ಅಮಲು.

ಆವತ್ತು ಕೊಡಗನೂರಲ್ಲಿ ನಿಂತದ್ದು ನಿಂತೇ ಬಿಟ್ಟಿತು.
ಎದುರಿನ ಎಕ್ಸ್‌ಪ್ರೆಸ್ ಬರಬೇಕು, ಅದಕ್ಕೂ ಮುಂಚೆ ಗೂಡ್ಸು,
ಅದಕ್ಕೂ ಮುಂಚೆ ಇನ್ನೇನೋ,
ಸ್ಟೇಷನ್ ಮಾಸ್ತರನಿಗೂ ಗೊತ್ತಿಲ್ಲದ್ದು.
ಫ್ಯಾನು ನಿಂತಿತು. ಕೆರೆ ಕಡೆಯಿಂದ ಸೊಳ್ಳೆ ಬಂದವು.
ಕರೆಂಟ್ ಆಫೀಸಿನ ಗಾದಿಲಿಂಗ ಗ್ಲಾಸು ಚಾಚಿದ.
'ನಿಂತ ಗಾಡೀಲಿ ಸುರಿಯಲ್ಲ.'
'ಅದ್ಯಾವ ಶಾಸ್ತ್ರನೋ ಮಾರಾಯ?'
'ಇಲ್ಲ ಅಂದ್ರೆ ಇಲ್ಲ.'

ಖಾಲಿ ಗ್ಲಾಸು ಹಿಡಿದು ಕೂತೆವು ಎಂಟು ಜನ
ಸಾರು ಬರದ ಪಂಕ್ತಿಯ ಹಾಗೆ.
ಆರು ವರ್ಷದಲ್ಲಿ ಅವತ್ತೇ ಗೊತ್ತಾದದ್ದು,
ಚೌಡಪ್ಪ ಮೇಷ್ಟ್ರಿಗೆ ಎಡಗಿವಿ ಕೇಳಿಸುವುದಿಲ್ಲ,
ನಮ್ಮ ಜೋಕಿಗೆಲ್ಲ ಅವರು ನಕ್ಕದ್ದು ಅಂದಾಜಿನ ಮೇಲೆ.

ಗಾದಿಲಿಂಗ ತಡೆಯದೆ ಒಂದು ಪ್ಯಾಕು ಕಸಿದು ಹರಿದ.
'ಸುರಿ' ಅಂತ ಅವನ ಕೈಗೇ ತುರುಕಿದ.
ಆಗ ಕಂಡೆವು.
ಒಂದಿಷ್ಟೂ ಅಲುಗದ ಆ ಬೋಗಿಯಲ್ಲಿ
ಅದೊಂದೇ ಕೈ ನಡುಗುತ್ತಿತ್ತು,
ಮುಚ್ಚಳ, ಮಣಿಕಟ್ಟು, ಮೊಣಕೈಯವರೆಗೆ.
ಮಂಡಕ್ಕಿ ಹಾಸಿದ ಪೇಪರಿನ ಮೇಲೆ
ಟಪ್, ಟಪ್ ಅಂತ ಬಿತ್ತು.

'ನೆಲದ ಮೇಲೆ ಹಿಂಗೇ' ಅಂದ.
'ಮನೇಲಿ ನೀರಿನ ಚೊಂಬೂ ನಿಲ್ಲಲ್ಲ.
ಗಾಡಿ ಕುಣೀತಿದ್ರೆ ನಂದೂ ಅದರದೂ
ಸರಿಗೆ ಸರಿ ಆಗ್ತೈತೆ.'
ಹಳೇ ಕುಡಿತವೋ, ನರವೋ, ಯಾರೂ ಕೇಳಲಿಲ್ಲ.
ಅವನು ನಮ್ಮೊಡನೆ ಒಂದು ದಿನವೂ ಕುಡಿದವನಲ್ಲ.

ಎಕ್ಸ್‌ಪ್ರೆಸ್ ಹೋಯಿತು
ಕಿಟಕಿಗಳ ಬೆಳಕನ್ನು ತುಂಡು ತುಂಡಾಗಿ ಹರಿದು
ನಮ್ಮ ಮುಖದ ಮೇಲೆ ಎಸೆಯುತ್ತ.
ನಮ್ಮದು ಒಮ್ಮೆ ಜಗ್ಗಿತು, ಸುಮ್ಮನಾಯಿತು, ಮತ್ತೆ ಜಗ್ಗಿತು.
ಗಾದಿಲಿಂಗ ತಲೆ ಎತ್ತದೆ ಗ್ಲಾಸು ಮುಂದಿಟ್ಟ.
ಓಬಳೇಶಪ್ಪ ಮುಚ್ಚಳವನ್ನು ಪಂಚೆಯಂಚಿಗೆ ಒರೆಸಿ
ಹಸಿರು ಸಿಗ್ನಲ್ ಹಿಂದಾಗುವವರೆಗೆ,
ಗಾಲಿಗೆ ವೇಗ ಕೂಡುವವರೆಗೆ ಕಾದ.
ಆಮೇಲೆ ಸುರಿದ. ಒಂದು ತೊಟ್ಟೂ ಚೆಲ್ಲಲಿಲ್ಲ.

ಚಿಕ್ಕಜಾಜೂರಲ್ಲಿ ಇಳಿದೆವು.
ಪ್ಲಾಟ್‌ಫಾರ್ಮಿನ ಮೇಲೆ ಅವನು
ಎರಡೂ ಕೈಯಿಂದ ಬುಟ್ಟಿಯನ್ನು ಎದೆಗೆ ಬಿಗಿದುಕೊಂಡು ನಡೆದ.
ದಿನಾ ಹಾಗೇ ನಡೆಯುತ್ತಿದ್ದನೇನೋ.