ಗಮನಿಸಿ ಅಂದರು ಡಾಕ್ಟರು

ಗುಳಿಗೆ ಸಣ್ಣದು, ಸಾಸಿವೆಗೆ ಅಕ್ಕನಂತೆ.
ದುರ್ಗಿಗುಡಿಯ ಔಷಧಿ ಅಂಗಡಿಯವ ಅದನ್ನು
ಹಳೇ ಪೇಪರಿನಲ್ಲಿ ಸುತ್ತಿ, ಕಣ್ಣು ಬೇರೆಡೆ ಇಟ್ಟು ಕೊಟ್ಟ.
ಇಪ್ಪತ್ತೊಂದು ದಿನ ನುಂಗು, ಏಳು ದಿನ ಬಿಡು.
ಲೆಕ್ಕ ನನಗೆ ಹೊಸದಲ್ಲ.
ಕಂಡಕ್ಟರ್ ನಾನು, ಶಿವಮೊಗ್ಗ–ತೀರ್ಥಹಳ್ಳಿ,
ಬೆಳಗ್ಗೆ ಆರೂಕಾಲರ ಗಾಡಿ.

ಮೊದಲೆಲ್ಲ ಯಾರಿಗೆಷ್ಟು ಚಿಲ್ಲರೆ ಬಾಕಿ ಅಂತ
ಟಿಕೆಟ್ಟಿನ ಬೆನ್ನಿಗೆ ಬರೆದವಳೇ ಅಲ್ಲ.
ಹಸಿರು ಸ್ವೆಟರಿಗೆ ಏಳು ರೂಪಾಯಿ,
ಕಿಟಕಿ ಪಕ್ಕದ ಕೆಮ್ಮಿಗೆ ಹದಿನೆಂಟು.
ಈಗ ಬರೆಯುತ್ತೇನೆ.
ಬರೆದದ್ದನ್ನು ಮತ್ತೆ ಓದುತ್ತೇನೆ, ನನ್ನದೇ ಅಕ್ಷರವಾ ಅಂತ.

ಗಾಜನೂರು ದಾಟುವಾಗ ಒಂದು ದಿನ
ಶಾಲೆ ಹುಡುಗನೊಬ್ಬ ಒಂದೇ ಕಾಲಿಗೆ ಸಾಕ್ಸ್ ಹಾಕಿದ್ದ.
ಅಷ್ಟೇ.
ವಿಷಲ್ ಊದುವುದನ್ನೂ ಮರೆತು
ಬಾಗಿಲ ಕಂಬ ಹಿಡಿದು ಅತ್ತೆ.
ಅದೇ ವಾರ ಸೋದರಮಾವ ತೀರಿಕೊಂಡರು,
ಸೈಕಲ್ ಬಾರಿನ ಮೇಲೆ ಕೂರಿಸಿ ನನ್ನನ್ನು ಶಾಲೆಗೆ ಬಿಟ್ಟವರು.
ಹೆಣದ ಮುಂದೆ ಕೂತು
ಎಷ್ಟು ಜನ ಬಂದರು, ಎಷ್ಟು ಲೋಟ ಕಾಫಿ ಬೇಕು
ಅಂತ ಎಣಿಸಿದೆ.

ಗಂಡ ಮಾಚೇನಹಳ್ಳಿ ಫೌಂಡ್ರಿಯಿಂದ ಬಂದರೆ
ಕಾದ ಮರಳಿನ ವಾಸನೆ, ಅದರಡಿ ಅವನ ವಾಸನೆ.
ಹೊಸತರಲ್ಲಿ ಆ ಅಂಗಿಯನ್ನು
ಒಗೆಯಲು ಹಾಕದೆ ಒಂದು ದಿನ ಹೆಚ್ಚು ಇಟ್ಟುಕೊಂಡದ್ದುಂಟು.
ಈಗ ಅಂಗಿ ಬರೀ ಅಂಗಿ. ಸೋಪಿನಪುಡಿ ಹಾಕಿ ನೆನೆಸುತ್ತೇನೆ.
"ಹುಚ್ಚೇನೇ ನಿನಗೆ?" ಅಂದ, ನಾನು ತಟ್ಟೆ ಎಸೆದ ರಾತ್ರಿ.
ಶಿಕಾರಿಪುರದ ದೇವರ ಹೆಸರು ಅವನದು, ಹುಚ್ಚರಾಯಪ್ಪ.
ಹೆಸರು ನಿನಗೆ, ಉಳಿದದ್ದು ನನಗೆ ಅಂದೆ.
ಇಬ್ಬರೂ ನಕ್ಕೆವು. ನಗು ನಿಂತ ಮೇಲೂ
ಸಾರು ಗೋಡೆಯಿಂದ ಇಳಿಯುತ್ತಲೇ ಇತ್ತು.

ಡಾಕ್ಟರಮ್ಮ ಒಳ್ಳೆಯವರು, ಗದರಲಿಲ್ಲ.
ಕೆಲವರಿಗೆ ಹೀಗಾಗುತ್ತೆ, ಹಲವರಿಗೆ ಏನೂ ಆಗಲ್ಲ,
ಗುಳಿಗೆಯದೋ, ನಿದ್ದೆಗೆಟ್ಟದ್ದೋ, ಹೇಳೋದು ಕಷ್ಟ.
ಮೂರು ತಿಂಗಳು ಗಮನಿಸಿ ಅಂದರು.
ಗಮನಿಸಬಹುದು.
ಆದರೆ ಗಮನಿಸುವ ತಲೆಯೂ
ಅದೇ ಗುಳಿಗೆ ನುಂಗಿದೆಯಲ್ಲ ಡಾಕ್ಟ್ರೇ,
ತಕ್ಕಡಿಯನ್ನು ಯಾವ ತಕ್ಕಡಿಯಲ್ಲಿ ತೂಗಲಿ?

ಸಕ್ರೆಬೈಲಿನಲ್ಲಿ ಹತ್ತುತ್ತಾರೆ ಮಾವುತ ಜಬ್ಬಾರ್ ಸಾಬರು.
ಆನೆಗೆ ಮದ ಬಂದರೆ ಕಣ್ಣಿನ ಪಕ್ಕ ನೀರಿಳಿಯುತ್ತದಂತೆ.
ಸರಪಳಿ ಬಿಗಿದು
ದೂರ ನಿಲ್ಲಿ ಅಂತ ಜನಕ್ಕೆ ಹೇಳುತ್ತಾರಂತೆ.
ಯಾರೂ ಅದನ್ನು ಬೈಯುವುದಿಲ್ಲ.
ಆಗ ಅದು ಅದೇ ಆನೆಯಾ, ಬೇರೆಯದಾ, ಕೇಳಿದೆ.
ಅವರು ಟಿಕೆಟ್ ಮಡಚಿ ಟೋಪಿಯೊಳಗೆ ಸಿಕ್ಕಿಸಿ,
"ಅದೇ ಆನೆ ಕಣಮ್ಮ.
ನನ್ನ ದನಿ ಸ್ವಲ್ಪ ದಿನ ಮರ್ತಿರ್ತದೆ, ಅಷ್ಟೆ."

ಬಿಟ್ಟೇ ಬಿಡೋಣ ಅಂದರೆ
ಮಗಳಿಗಿನ್ನೂ ಎರಡು ತುಂಬಿಲ್ಲ.
ಕ್ಯಾಲೆಂಡರಿನ ಮುಂದೆ ಉಸಿರು ಹಿಡಿದು ನಿಲ್ಲುತ್ತಿದ್ದ
ಬೆಳಗುಗಳು ಈಗಿಲ್ಲ, ಅದೂ ಸುಳ್ಳಲ್ಲ.
ಆ ನಿಶ್ಚಿಂತೆಗೆ ಎಷ್ಟು ಕೊಡಬಹುದು?
ನನ್ನ ಮೆಷಿನ್ನಿನಲ್ಲಿ ಆ ಸ್ಟೇಜಿನ ದರ ಇಲ್ಲ.

ಇವತ್ತು ಬಿಡುವಿನ ಆರನೇ ದಿನ.
ವೇಬಿಲ್ಲಿನ ಹಿಂದೆ ಗೀಚಿದೆ: ಮಂಜು. ಕೋಪ ಇಲ್ಲ.
ಮಾವ ನೆನಪಾದರು, ತೊಡೆಗೆ ಒತ್ತುತ್ತಿದ್ದ ಸೈಕಲ್ ಬಾರೂ.
ನಾಳಿದ್ದು ಹೊಸ ಹಾಳೆ, ಒಡೆಯಬೇಕೋ ಬೇಡವೋ.

ಮಂಡಗದ್ದೆಯಲ್ಲಿ ಒಬ್ಬ ಮುದುಕಿ
ಚಿಲ್ಲರೆ ಕೇಳದೆ ಇಳಿದು ನಡೆದಳು.
ವಿಷಲ್ ಊದಿ ಗಾಡಿ ನಿಲ್ಲಿಸಿದೆ.
ಹದಿಮೂರು ರೂಪಾಯಿ ಅಜ್ಜೀ, ಹದಿಮೂರು!
ಬರೆದಿರಲಿಲ್ಲ.