ಒಟ್ಟಿಗಿರುವ ಖಾಲಿ

ಲಿಯೆಕ್ಸಾದ ಮರದ ಮಿಲ್ಲಿನಲ್ಲಿ ರಾತ್ರಿ ಮೂರಕ್ಕೆ
ಗರಗಸದ ಹಲ್ಲು ಮುರಿಯಿತು.
ಸ್ಪ್ರೂಸ್ ದಿಮ್ಮಿಯ ಹೊಟ್ಟೆಯೊಳಗೆ
ಯಾವುದೋ ಯುದ್ಧದ ಕಬ್ಬಿಣದ ಚೂರು,
ಎಂಬತ್ತು ಉಂಗುರ ಹೊದ್ದು ಮಲಗಿದ್ದದ್ದು.
ಎಕ್ಸ್‌ರೇ ಯಂತ್ರ ನೋಡಿರಲಿಲ್ಲ.
ಅಲ್ಲ, ನೋಡಿತ್ತು.
ನೋಡಿದ್ದನ್ನು ಇಳಿಸಲು ಜಾಗ ಸಿಕ್ಕಿರಲಿಲ್ಲ.

ಔತಿ ಹೆರ್ಕೊನೆನ್, ಅದರ ಡ್ರೈವರ್ ಬರೆದವಳು
(ಲಾರಿಯದಲ್ಲ; ಯಂತ್ರಕ್ಕೂ ಕರ್ನೆಲ್ಲಿಗೂ ನಡುವೆ
ಮಾತು ದಾಟಿಸುವ ನಾಲ್ಕು ಸಾವಿರ ಸಾಲು),
ಮೈನಸ್ ಇಪ್ಪತ್ತೇಳರಲ್ಲಿ ಕಾರು ಓಡಿಸಿಕೊಂಡು ಬಂದು
ಕೈಗವಸು ಬಿಚ್ಚದೆ ಲಾಗ್ ಓದಿದಳು.
ಬೇಡಿದ್ದು: ನಲವತ್ತೆಂಟು ಮೆಗಾಬೈಟು, ಒಂದೇ ಪಟ್ಟಿ.
ಖಾಲಿ ಇದ್ದದ್ದು: ಮುನ್ನೂರ ಹನ್ನೆರಡು.
ಉತ್ತರ: ಇಲ್ಲ.

ಜಿಪುಣತನವಲ್ಲ ಇದು.
ಹತ್ತೊಂಬತ್ತು ದಿನದಿಂದ ಎಚ್ಚರವಿರುವ ಮೆಮೊರಿ
ಅಲ್ಲೊಂದು ಇಲ್ಲೊಂದು ಸೀಟು ಬಿಟ್ಟುಕೊಂಡು ಹೊರಟ ಬಸ್ಸು:
ಮೂವತ್ತು ಮಂದಿಗೆ ಜಾಗವುಂಟು,
ಒಂದು ಏಣಿಗೆ ಇಲ್ಲ.
ನಾಲ್ಕು ನಾಲ್ಕು ಕೆಬಿಯ ಪುಟಗಳು.
ಒಂದರಲ್ಲಿ ಒಲೆಯ ತಾಪದ ಲೆಕ್ಕ,
ಒಂದರಲ್ಲಿ ಯಾರೋ ಮುಚ್ಚಲು ಮರೆತ ಫೈಲು,
ನಡುವೆ ಖಾಲಿ, ಮತ್ತೆ ಯಾರೋ, ಮತ್ತೆ ಖಾಲಿ.

ಪ್ರೋಗ್ರಾಮುಗಳಿಗೆ ಇದು ತಿಳಿಯುವುದೇ ಇಲ್ಲ.
ಅವಕ್ಕೆಲ್ಲ ಕರ್ನೆಲ್ಲು ನಕಾಶೆ ಕೊಟ್ಟಿರುತ್ತದೆ,
ತುಂಡು ತುಂಡನ್ನು ಹೊಲಿದು ಬಯಲೆಂದು ತೋರಿಸುವ
ಸಭ್ಯ ಸುಳ್ಳು.
ಎಕ್ಸ್‌ರೇ ಯಂತ್ರಕ್ಕೆ ನಕಾಶೆ ಓದಲು ಬಾರದು.
ಓದಿ ಹೇಳುವ ದುಭಾಷಿ ಈ ಅಗ್ಗದ ಬೋರ್ಡಿನಲ್ಲಿಲ್ಲ.
ಅದಕ್ಕೆ ಗೊತ್ತಿರುವುದು ಎರಡೇ: ಎಲ್ಲಿಂದ, ಎಷ್ಟು ಉದ್ದ.
ಹಿಮ ತಳ್ಳುವ ಟ್ರಾಕ್ಟರಿನಂತೆ ಇಟ್ಟಲ್ಲಿಂದ ನೇರ ಹೋಗುತ್ತದೆ,
ನಡುವೆ ಯಾರ ಸೈಕಲ್ಲಿದ್ದರೂ.

ಮೊದಲು ಮೆತ್ತಗಿನ ಉಪಾಯ ಮಾಡಿದಳು.
ಪಟ್ಟಿಯೊಂದಕ್ಕೆ ಗುರುತು ಹಾಕಿ ಬಾಡಿಗೆಗೆ ಬಿಡುವುದು,
ದಿಮ್ಮಿ ಬಂದಾಗ ಏಳಿ ಎನ್ನುವುದು.
ಎದ್ದವು. ಹನ್ನೆರಡು ಸಾವಿರ ಚಿಲ್ಲರೆ ಪುಟ
ಗಂಟುಮೂಟೆ ಕಟ್ಟಿಕೊಂಡು ಪಕ್ಕಕ್ಕೆ ಸರಿದವು.
ಒಂದೇ ಒಂದು ಸರಿಯಲಿಲ್ಲ;
ಅದನ್ನು ಯಾರೋ ಮೊಳೆ ಹೊಡೆದು ಹಿಡಿದಿದ್ದರು.
ಆ ಒಬ್ಬನಿಗಾಗಿ ಇಡೀ ವಠಾರ ಬೀದಿಯಲ್ಲಿ ನಿಂತಿತು.

ಕಾಫಿಗೆ ಹೊರಬಂದರೆ ರೇಯೊ ಬೈಯುತ್ತಿದ್ದ.
ಹೊಸ ಹುಡುಗ ಅಂಗಳದ ಉತ್ತರ ಪಟ್ಟಿಯಲ್ಲಿ
ಹಲಗೆಯ ಕಂತೆ ಇಳಿಸಿದ್ದ.
“ಖಾಲಿ ಇತ್ತಲ್ಲ.”
“ಖಾಲಿ ಇರಲಿಲ್ಲ. ಇಟ್ಟಿದ್ದೆ.”
ಕೂವೆಮರಕ್ಕೆಂದು ಕಡಿದ ಇಪ್ಪತ್ತೆರಡು ಮೀಟರಿನವು
ವರ್ಷಕ್ಕೆ ಮೂರು ಸಲ ಬರುತ್ತವೆ.
ಬಂದ ದಿನ ಜಾಗ ಬಿಡಿಸಲು ಹೊರಟರೆ ಕತ್ತಲಾಗುತ್ತದೆ,
ಇಲ್ಲಿ ಕತ್ತಲು ಮೂರು ಗಂಟೆಗೇ.
ಅದಕ್ಕೇ ಅಕ್ಟೋಬರಿನಲ್ಲಿ, ಮೊದಲ ಲಾರಿಗೂ ಮುಂಚೆ,
ನಾಲ್ಕು ಕೆಂಪು ಕಡ್ಡಿ ನೆಡುತ್ತಾನೆ ರೇಯೊ.

ಔತಿಗೆ ಹೊಸದೇನೂ ಹೊಳೆಯಲಿಲ್ಲ.
ಉಪಾಯ ಕೈಪಿಡಿಯಲ್ಲೇ ಇದೆ, ಒಂದು ಸಾಲು.
ಕೈ ಬಾರದೆ ಇದ್ದದ್ದು ಬೇರೆ:
ಇರುವುದೇ ಅರ್ಧ ಗಿಗಾ, ಅದರಲ್ಲಿ ಇಷ್ಟನ್ನು
ಹಗಲೂ ರಾತ್ರಿ ಸುಮ್ಮನೆ ಬಿಡಬೇಕು,
ಹಸಿದವರು ಬಾಗಿಲಲ್ಲಿ ನಿಂತಿರುವಾಗ
ಇನ್ನೂ ಬಾರದ ಒಬ್ಬನಿಗೆ ಎಲೆ ಹಾಕಿಟ್ಟ ಹಾಗೆ.

ಮರುದಿನ ಬೆಳಗ್ಗೆ ಐದಕ್ಕೆ ಆರಿಸಿ ಹೊತ್ತಿಸಿದಳು.
ಯಾರೂ ಇನ್ನೂ ಏಳದ ಮೊದಲ ಸೆಕೆಂಡು,
ಮೆಮೊರಿಯೆಲ್ಲ ಹೆಜ್ಜೆ ಬೀಳದ ಹಿಮ.
ಇಲ್ಲಿಂದ ಇಷ್ಟು, ನನ್ನದು:
ಸೌನಾದ ಬೆಂಚಿಗೆ ಟವೆಲ್ ಹಾಸಿದಂತೆ.
ಆಮೇಲೆ ಉಳಿದವರು ಬಂದರು, ನೂಕಿಕೊಂಡು ಕೂತರು.

ದಿಮ್ಮಿ ಬಂತು.
ಬುಡದಿಂದ ತುದಿಯವರೆಗೆ ಪರದೆಗೆ ಇಳಿಯಿತು,
ಗಂಟು, ಉಂಗುರ, ಒಳಗೆ ಕೊಳೆತ ಒಂದು ಕೊಂಬೆಯ ಬೇರು,
ಮೂರು ಮೀಟರಿನ ಹತ್ತಿರ
ಉಗುರಿನಷ್ಟು ಬಿಳಿ ಚುಕ್ಕೆ.
ರೇಯೊ ಬೆಲ್ಟು ನಿಲ್ಲಿಸಿ ಬಹಳ ಹೊತ್ತು ನೋಡಿದ.
“ಅಜ್ಜನ ಕಾಲದ್ದು” ಎಂದ. ಬದಿಗೆ ತಳ್ಳಿಸಿದ.

ಹೊರಗೆ ಹಿಮ ಶುರುವಾಗಿತ್ತು.
ಉತ್ತರದಲ್ಲಿ, ನಾಲ್ಕು ಕೆಂಪು ಕಡ್ಡಿಯ ನಡುವೆ,
ಆ ಹುಡುಗ ಸಲಿಕೆ ಹಿಡಿದು
ಖಾಲಿಯನ್ನು ಮತ್ತೆ ಖಾಲಿ ಮಾಡುತ್ತಿದ್ದ.